ಸುತ್ತೋಲೆಯ ಮೇಲಿನ ಮೊಹರು

ಮುಳ್ಳು ಹನ್ನೊಂದರ ಹತ್ತಿರ ನಡುಗಿ ನಿಂತಿತು. ಮಿಸಾವೊ ಹಲ್ಲು ಕಚ್ಚಿ ಇನ್ನಷ್ಟು ಒತ್ತಿದಳು. ಹನ್ನೆರಡು. ಬಚ್ಚಲುಮನೆಯ ತೂಕದ ಯಂತ್ರವನ್ನು ಸಾಮಾನಿನ ಕಪಾಟಿಗೆ ಒರಗಿಸಿ ನಿಲ್ಲಿಸಿ, ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಎಡಗಾಲಿನಿಂದ ಅದನ್ನು ತಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಹೇಳಿಕೊಟ್ಟದ್ದು ಇದಲ್ಲ. ಅವಳು ಹೇಳಿಕೊಟ್ಟದ್ದು ರಬ್ಬರಿನ ಪಟ್ಟಿ ಎಳೆಯುವುದು. ಆದರೆ ರಬ್ಬರಿನ ಪಟ್ಟಿ ಎಷ್ಟು ಕಿಲೋ ಎಂದು ಲೆಕ್ಕ ಕೊಡುವುದಿಲ್ಲ. ಮೂರು ಚಕ್ರದ ಲಾರಿಯ ಕ್ಲಚ್ ಒತ್ತಲು ಹದಿನೆಂಟು ಕಿಲೋ ಬೇಕು. ಮಿಸಾವೊ ಒಮ್ಮೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಅಳೆದು ನೋಡಿದ್ದಳು. ನಡುವೆ ಉಳಿದಿರುವ ಆರು ಕಿಲೋ ಈ ಚಳಿಗಾಲದಲ್ಲಿ ಅವಳು ಮಾಡಿ ಮುಗಿಸಬೇಕಾದ ಕೆಲಸ.

ಇನ್ನೊಂದು ಕೆಲಸ ಬೆನ್ನ ಹಿಂದೆ ನಿಂತಿತ್ತು. ಜೂನ್ ತಿಂಗಳಿಂದ ಟಾರ್ಪಾಲಿನಡಿ ಇದ್ದ ಲಾರಿಯ ಹೊದಿಕೆ ತೆಗೆದು ಹನ್ನೊಂದು ದಿನವಾಗಿತ್ತು. ಮುಂದಿನ ಚಕ್ರದ ಫೋರ್ಕು ಬಾಗಿತ್ತು. ಎಡಗಡೆಯ ಬಾಗಿಲು ಒಳಕ್ಕೆ ಮಡಚಿಕೊಂಡಿತ್ತು. ಹಸಿರು ಬಣ್ಣ, ಅವಳು ಮೂರು ಸಲ ಉಜ್ಜಿ ನಾಲ್ಕು ಸಲ ಬಳಿದ ಬಣ್ಣ, ಉದ್ದಕ್ಕೂ ಕಿತ್ತು ಬಂದಿತ್ತು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಅದನ್ನು ಮೊದಲ ದಿನವೇ ಕೈಯಿಂದ ತಿರುಗಿಸಿ ನೋಡಿಕೊಂಡಿದ್ದಳು. ತಿರುಗಿತ್ತು. ಆ ಹೊತ್ತು ಗ್ಯಾರೇಜಿನ ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತಿದ್ದಳು. ಆಮೇಲೆ ಕೈಗೆ ಗ್ರೀಸು ಬಳಿದುಕೊಂಡು ಬೇರಿಂಗು ಬಿಚ್ಚಲು ಕೂತಿದ್ದಳು.

ಆ ಲಾರಿ ಸಿಕ್ಕಿದ್ದು ಕಣಿವೆಯ ಆಚೆ ಒಬ್ಬ ಪೇರುಹಣ್ಣಿನ ಬೆಳೆಗಾರನ ಕೊಟ್ಟಿಗೆಯಲ್ಲಿ. ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅದನ್ನು ಎಬ್ಬಿಸಿ ನಿಲ್ಲಿಸಲು ಮಿಸಾವೊಗೆ ನಾಲ್ಕು ವರ್ಷ ಹಿಡಿಯಿತು. ಅಪ್ಪನಿಂದ ಬಂದ ಗ್ಯಾರೇಜು ಅವಳದು. ಹಗಲು ಊರಿನವರ ಕಾರು, ಕಳೆ ಕೊಚ್ಚುವ ಯಂತ್ರ, ಸಂಜೆ ಒಂದೆರಡು ಗಂಟೆ ಮಾತ್ರ ತನ್ನದು. ಜೂನ್ ಒಂಬತ್ತರ ಬೆಳಿಗ್ಗೆ ಅದು ಸರಕಾರಿ ತಪಾಸಣೆಯಲ್ಲಿ ಪಾಸಾಯಿತು. ತಪಾಸಣೆ ಮಾಡುವವನು ಬ್ರೇಕು ನೋಡಿ, ಬೆಳಕು ನೋಡಿ, ಹೊಗೆ ನೋಡಿ, ಕೊನೆಗೆ ಟೋಪಿ ತೆಗೆದು, "ನಮ್ಮಪ್ಪನ ಹತ್ರ ಇದೇ ಇತ್ತು," ಎಂದಿದ್ದ. ಹೊಸ ನಂಬರ್ ಪ್ಲೇಟು, ಗಾಜಿನ ಮೇಲೆ ಹೊಸ ಚೀಟಿ. ಚೀಟಿ ಅಂಟಿಸಿ ನಲವತ್ತು ನಿಮಿಷವಾಗಿತ್ತು, ಸಹಕಾರ ಸಂಘದ ಅಂಗಳದಿಂದ ಒಗಿಹಾರ ಮೇಷ್ಟ್ರ ಕಾರು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿಸಿಕೊಂಡು ನುಗ್ಗಿ ಬಂತು. ಮೂರು ಚಕ್ರದ ಗಾಡಿ, ಮಗುಚಿತು. ಮಿಸಾವೊಳ ಎಡಗಾಲು ಪೆಡಲುಗಳ ನಡುವೆ ಸಿಕ್ಕಿ ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು.

ಮೇಷ್ಟ್ರಿಗೆ ಎಂಬತ್ತೆರಡು. ಪ್ರಾಥಮಿಕ ಶಾಲೆಯ ಹೆಡ್ ಮೇಷ್ಟ್ರಾಗಿ ನಿವೃತ್ತರಾದವರು. ಕೇರಿಯ ಅರ್ಧ ಜನ ಅವರ ಹತ್ತಿರ ಕಲಿತವರು, ಮಿಸಾವೊ ಕೂಡ. ಆಸ್ಪತ್ರೆಗೆ ಬಂದಿದ್ದರು, ಅದೂ ಎರಡನೆಯ ದಿನವೇ, ಕಪ್ಪು ಕೋಟು ಹಾಕಿಕೊಂಡು, ಸಿಹಿಯ ಡಬ್ಬಿ ಬಟ್ಟೆಯಲ್ಲಿ ಕಟ್ಟಿಕೊಂಡು. ಸೊಂಟ ಬಗ್ಗಿಸಿ ನಮಸ್ಕರಿಸಿ ಕೂತು, "ಅಂಥ ಆಟದ ಸಾಮಾನು ರಸ್ತೆಗೆ ಬರುತ್ತೆ ಅಂತ ಯಾರು ಅಂದ್ಕೋತಾರೆ ಹೇಳು," ಎಂದಿದ್ದರು. ನೋವಿನ ಔಷಧಿಯ ಮಂಪರಿನಲ್ಲಿದ್ದ ಮಿಸಾವೊ ಮಲಗಿದಲ್ಲಿಂದಲೇ ತಲೆಬಾಗಿ, ಸಿಹಿ ತಂದಿದ್ದಕ್ಕೆ ಉಪಕಾರ ಹೇಳಿದ್ದಳು. ಸಿಟ್ಟು ನಾಲ್ಕು ದಿನ ತಡವಾಗಿ ಬಂತು. ಬಂದದ್ದು ಮತ್ತೆ ಹೋಗಲಿಲ್ಲ.

"ಒಳಗಿದ್ದೀಯೇನೇ?"

ಪಕ್ಕದ ಮನೆಯ ಫುಮಿನೊ ಅಜ್ಜಿ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು. ಮೊಣಕೈವರೆಗೆ ತೋಳು ಮಡಚಿತ್ತು, ಬೆರಳುಗಳು ಕೆಂಪಗಾಗಿದ್ದವು. ಕೇರಿಯಲ್ಲಿ ಎಲ್ಲರೂ ಸೊಪ್ಪು ತೊಳೆದು ಉಪ್ಪಿನಲ್ಲಿ ಹಾಕುವ ವಾರ ಅದು. ಒಂದು ಬಟ್ಟಲಲ್ಲಿ ಈ ವರ್ಷದ ಮೊದಲ ಹಿಡಿ ತಂದಿದ್ದಳು.

"ಇನ್ನೂ ಹುಳಿ ಹಿಡಿದಿಲ್ಲ, ಸುಮ್ನೆ ರುಚಿ ನೋಡು ಅಂತ ತಂದೆ." ಬಟ್ಟಲನ್ನು ಕೆಲಸದ ಮೇಜಿನ ಮೇಲೆ ಸ್ಪ್ಯಾನರುಗಳ ನಡುವೆ ಇಟ್ಟಳು. ಆಮೇಲೆ ಹೋಗಲಿಲ್ಲ. ಲಾರಿಯನ್ನೂ ಮಿಸಾವೊಳ ಕಾಲನ್ನೂ ನೋಡಿದಳು. "ಏನೇ ಹೇಳು, ನಿನ್ನ ಮನಸ್ಸು ದೊಡ್ಡದು ಕಣೇ. ನಾನಾಗಿದ್ರೆ ಹೊಡೀತಿರಲಿಲ್ಲಪ್ಪ."

"ಏನು ಹೊಡೀತಿರಲಿಲ್ಲ?"

"ಮೊಹರು. ಮೇಷ್ಟ್ರ ಕಾಗದಕ್ಕೆ. ಅದೇ, ಲೈಸೆನ್ಸ್ ಕಿತ್ಕೋಬೇಡಿ, ಕೇಸು ದೊಡ್ಡದು ಮಾಡಬೇಡಿ ಅಂತ ಸರಕಾರಿ ವಕೀಲರಿಗೆ ಬರೆದಿದ್ದಾರಲ್ಲ. ಮನೆಯಿಂದ ಮನೆಗೆ ದಾಟಿಸೋ ಸುತ್ತೋಲೆ ರಟ್ಟಲ್ಲಿ ಸಿಕ್ಕಿಸ್ಕೊಂಡು ಬಂತು. ನಿಮ್ಮ ಮನೆ ಮೊಹರು ನೋಡಿ ನಾನೂ ಅಂದ್ಕೊಂಡೆ, ಕಾಲು ಮುರಿಸ್ಕೊಂಡವಳೇ ಹೊಡೆದಿರೋವಾಗ ನಂದೇನು ಅಂತ, ಹೊಡೆದೆ. ಈಗ್ಲೇ ಮೇಲಿನ ಮನೆ ಶಿಯೊಜಾವಾಗೆ ಕೊಟ್ಟು ಬಂದೆ."

ತೂಕದ ಯಂತ್ರ ಕಪಾಟಿನಿಂದ ಜಾರಿ ನೆಲಕ್ಕೆ ಬಿತ್ತು. ಮಿಸಾವೊಳ ಕಾಲು ಅದನ್ನು ಎಷ್ಟು ಜೋರಾಗಿ ತಳ್ಳಿತ್ತೋ, ಮುಳ್ಳು ಎಲ್ಲಿಗೆ ಹೋಗಿತ್ತೋ, ಯಾರೂ ನೋಡಲಿಲ್ಲ.

ಅವಳ ಗಂಡ ತೆತ್ಸುಜಿ ಜಗಲಿಯಲ್ಲಿ ಕಾಕಿ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಲು ದಾರಕ್ಕೆ ಕಟ್ಟುತ್ತಿದ್ದ. ಸಾಧು ಮನುಷ್ಯ. ಗಡಿಯಾರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದು ಒಂದು ಮಾತು ಎದುರಾಡದೆ ನಿವೃತ್ತನಾದವನು. ಹೆಂಡತಿ ಕೋಲೂರಿಕೊಂಡು ಬರುವ ರಭಸ ನೋಡಿ ಚಾಕು ಕೆಳಗಿಟ್ಟ.

"ಬೆಳಿಗ್ಗೆ ಸುತ್ತೋಲೆ ಬಂದಿತ್ತಾ?"

"ಬಂದಿತ್ತು. ಚರಂಡಿ ಕ್ಲೀನ್ ಮಾಡೋ ದಿನ, ಆಮೇಲೆ ಫ್ಲೂ ಇಂಜೆಕ್ಷನ್..."

"ಆಮೇಲೆ?"

"ಆಮೇಲೆ ಇನ್ನೇನೋ ಒಂದು ಹಾಳೆ ಇತ್ತು. ಎಲ್ಲರೂ ಮೊಹರು ಹಾಕಿದ್ರು."

"ಓದಿದ್ರಾ?"

ತೆತ್ಸುಜಿ ಕೈಯಲ್ಲಿದ್ದ ಹಣ್ಣನ್ನು ನೋಡಿಕೊಂಡ. "ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಯಾವತ್ತು ಓದಿದ್ದೀನಿ ಕಣೇ ನಾನು?"

ಅದು ನಿಜ. ಸುಳ್ಳು ಹೇಳುವ ಮನುಷ್ಯನಲ್ಲ. ಬಾಗಿಲ ಬಳಿ ಚಪ್ಪಲಿ ಗೂಡಿನ ಮೇಲೆ 'ಕರಾಸವಾ' ಎಂದು ಮನೆತನದ ಹೆಸರು ಕೆತ್ತಿದ ಮರದ ಮೊಹರು ದಾರದಲ್ಲಿ ನೇತಾಡುತ್ತಿರುತ್ತದೆ, ಪಕ್ಕದಲ್ಲೇ ಕೆಂಪು ಶಾಯಿಯ ಡಬ್ಬಿ. ಪಾರ್ಸಲ್ ಬಂದರೂ ಅದೇ, ಸುತ್ತೋಲೆ ಬಂದರೂ ಅದೇ. ಸುತ್ತೋಲೆ ಎಂದರೆ ಹದಿನಾಲ್ಕು ಚೌಕದ ಒಂದು ಪಟ್ಟಿ. ತನ್ನ ಮನೆಯ ಚೌಕ ಖಾಲಿ ಕಂಡರೆ ತುಂಬಿಸಿ ಮುಂದಿನ ಮನೆಗೆ ದಾಟಿಸಬೇಕು, ಅಷ್ಟೇ. ಯಾರ ಮನೆಯಲ್ಲಿ ರಟ್ಟು ಎರಡು ದಿನ ಕೂತರೂ ಕೇರಿಯಲ್ಲಿ ಮಾತಾಗುತ್ತದೆ. ಹಾಗಾಗಿ ಒಳ್ಳೆಯವರೆಲ್ಲ ಬೇಗ ದಾಟಿಸುತ್ತಾರೆ. ಓದುವವರು ಯಾರೂ ಇಲ್ಲ.

"ನನ್ನ ಕಾಲು ಮುರಿದವನ ಲೈಸೆನ್ಸ್ ಉಳಿಸಿ ಅಂತ ನನ್ನ ಮನೆ ಮೊಹರು ಹಾಕಿ ಕಳಿಸಿದ್ದೀರಿ."

ತೆತ್ಸುಜಿಯ ಮುಖದ ಬಣ್ಣ ಇಳಿಯಿತು. ತಡವರಿಸಿದ. "ಅದು... ನಾನು... ಹೋಗಿ ಇಸ್ಕೊಂಡು ಬರ್ತೀನಿ."

"ನೀವು ಹೋದ್ರೆ ಇನ್ನೊಂದಕ್ಕೆ ಮೊಹರು ಹಾಕಿ ಬರ್ತೀರಿ."

"ಇರು, ಕಾರಲ್ಲಾದ್ರೂ ಬಿಡ್ತೀನಿ. ಮುಕ್ಕಾಲು ಕಿಲೋಮೀಟರು ಏರು ಕಣೇ ಅದು."

"ಬೇಡ. ಮೊಹರು ಹೊಡೆದ ಆ ಕೈಯಲ್ಲಿ ಸ್ಟೀರಿಂಗ್ ಹಿಡೀಬೇಡಿ ಇವತ್ತು."

ಗೂಡಿನ ಮೇಲಿಂದ ಮೊಹರನ್ನು ದಾರದ ಸಮೇತ ಕಿತ್ತುಕೊಂಡು, ಶಾಯಿ ಡಬ್ಬಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಹೊರಟಳು.

ಕಾರು ಬೇಡ ಎಂದದ್ದಕ್ಕೆ ಸಿಟ್ಟೊಂದೇ ಕಾರಣವಲ್ಲ. ಜೂನಿನಿಂದ ಈಚೆಗೆ ಮಿಸಾವೊ ಕಾರಿನ ಹಿಂದಿನ ಸೀಟಿನಲ್ಲಿ, ಮೇಲಿನ ಹಿಡಿಕೆಗೆ ಜೋತುಬಿದ್ದು, ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದಳು. ಕಾಲು ಸರಿಹೋದ ಮೇಲೆ ಓಡಿಸುತ್ತೇನೆ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಮನೆಯ ಕಾರಿಗೆ ಕ್ಲಚ್ಚೇ ಇಲ್ಲ, ಎಡಗಾಲಿನ ಕೆಲಸವೇ ಇಲ್ಲ ಎಂಬುದು ತೆತ್ಸುಜಿಗೂ ಗೊತ್ತು, ಅಜ್ಜಿಗೂ ಗೊತ್ತು. ಯಾರೂ ಹೇಳಿರಲಿಲ್ಲ.

ಏರು ಅವಳನ್ನು ಸುಲಭವಾಗಿ ಬಿಡಲಿಲ್ಲ. ಮೊದಲ ತಿರುವಿನಲ್ಲಿ ಕಾಲಿನೊಳಗಿನ ಲೋಹದ ಪಟ್ಟಿ ಚಳಿಗೆ ಹಲ್ಲುನೋವಿನಂತೆ ಹಿಡಿಯಿತು. ಎರಡನೆಯ ತಿರುವಿನಲ್ಲಿ ಬಿದಿರಿನ ಬೇಲಿ ಹಿಡಿದು ನಿಂತಳು. ಅಂಗಳದಲ್ಲಿ ಸೊಪ್ಪು ತೊಳೆಯುತ್ತಿದ್ದ ಹೆಂಗಸರು, "ಓ, ನಡೆಯೋ ಹಾಗಾಯ್ತಲ್ಲಮ್ಮಾ! ಒಳ್ಳೇದಾಯ್ತು, ಒಳ್ಳೇದಾಯ್ತು," ಎಂದು ಕೈಬೀಸಿದರು. ಅವರೆಲ್ಲರ ಮೊಹರೂ ಆ ಹಾಳೆಯ ಮೇಲಿದೆ ಎಂದು ನೆನೆದಾಗ ಮಿಸಾವೊಗೆ ಬೇಲಿ ಕಿತ್ತು ಎಸೆಯುವಷ್ಟು ಉರಿಯಿತು. ಬೈಯಲೂ ಆಗುವಂತಿರಲಿಲ್ಲ. ತಾನು ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ಇವರೇ ತೆತ್ಸುಜಿಗೆ ಸರದಿ ಮೇಲೆ ಸಾರು ಕಳಿಸಿದ್ದವರು. ಅದೇ ಕೈ, ಅದೇ ಒಳ್ಳೆಯತನ, ಇದಕ್ಕೂ ಮೊಹರು ಹೊಡೆದಿತ್ತು. ತಲೆಬಾಗಿ ನಮಸ್ಕರಿಸಿ ಮುಂದೆ ನಡೆದಳು.

ಶಿಯೊಜಾವಾನ ಮನೆ ಕೇರಿಯ ಕೊನೆಯದು. ಈ ವರ್ಷ ಕೇರಿಯ ಮುಖ್ಯಸ್ಥನ ಸರದಿ ಅವನದು. ಅಂಗಳದಲ್ಲಿ ಬೆಳ್ಳಿ ಬಣ್ಣದ ಹೊಚ್ಚ ಹೊಸ ಕಾರು ಒಂದು ಚಕ್ರ ಹೂವಿನ ಪಾತಿಯ ಮೇಲೇರಿಸಿಕೊಂಡು ಸೊಟ್ಟಗೆ ನಿಂತಿತ್ತು. ಯಾರದೆಂದು ಕೇಳಬೇಕಾಗಿರಲಿಲ್ಲ. ಹಳೆಯ ಕಾರು ಜಖಂ ಆದ ತಿಂಗಳಿಗೆ ನಗೋಯಾದಲ್ಲಿರುವ ಮಗ ಇದನ್ನು ಕೊಡಿಸಿದ್ದ. ತನ್ನಷ್ಟಕ್ಕೆ ತಾನೇ ಬ್ರೇಕು ಹಾಕಿಕೊಳ್ಳುತ್ತದಂತೆ. ಪೊಲೀಸರ ವಿಚಾರಣೆ ಮುಗಿಯುವ ತನಕ ಲೈಸೆನ್ಸ್ ಚಾಲ್ತಿಯಲ್ಲೇ ಇರುತ್ತದೆ. ಹಾಗಾಗಿ ಮಿಸಾವೊ ನಡೆದು ಬಂದ ದಾರಿಯಲ್ಲಿ ಮೇಷ್ಟ್ರು ಕಾರು ಓಡಿಸಿಕೊಂಡು ಬಂದಿದ್ದರು.

ಒಳಗೆ ಕೊತಾತ್ಸುವಿನ, ಅಡಿಯಲ್ಲಿ ಬಿಸಿ ಮಾಡುವ ಗಿಡ್ಡ ಮೇಜಿನ, ಕೌದಿಯಡಿ ಕಾಲು ಚಾಚಿ ಇಬ್ಬರೂ ಕೂತಿದ್ದರು. ನಡುವೆ ರಟ್ಟು. ಶಿಯೊಜಾವಾ ಐವತ್ತರ ಪೇರು ಬೆಳೆಗಾರ, ಕೆಂಪು ಮುಖದವನು. ಮಿಸಾವೊಳನ್ನು ಕಂಡು ಅರ್ಧ ಎದ್ದ.

"ಅಯ್ಯೋ, ಅಕ್ಕ! ಇಷ್ಟು ದೂರ ನಡ್ಕೊಂಡು... ಬನ್ನಿ ಬನ್ನಿ, ಬೆಚ್ಚಗೆ ಕಾಲಿಡಿ ಒಳಗೆ. ಈಗ್ತಾನೆ ಮೇಷ್ಟ್ರು ಹೇಳ್ತಿದ್ರು, ನಿಮ್ಮಿಂದ ತುಂಬಾ ಉಪಕಾರ ಆಯ್ತು ಅಂತ."

"ಕೂತ್ಕೋ ಮಿಸಾವೊ," ಎಂದರು ಮೇಷ್ಟ್ರು. ಬೆನ್ನು ನೆಟ್ಟಗೆ, ಧ್ವನಿ ಇಂದಿಗೂ ಕೊನೆಯ ಬೆಂಚಿಗೆ ತಲುಪುವಂಥದು.

"ಕೂತ್ರೆ ಏಳೋದು ಕಷ್ಟ ಮೇಷ್ಟ್ರೇ. ನಿಮ್ಮ ದಯೆ. ಆ ಕಾಗದ ಕೊಡಿ, ಓದ್ತೀನಿ. ಈ ಕೇರಿಯಲ್ಲಿ ಒಬ್ಬರಾದ್ರೂ ಓದಲಿ."

ಶಿಯೊಜಾವಾ ಮೇಷ್ಟ್ರ ಮುಖ ನೋಡಿದ, ಮಿಸಾವೊಳ ಕೋಲು ನೋಡಿದ, ಕೊಟ್ಟ. ಅವಳು ನಿಂತೇ ಗಟ್ಟಿಯಾಗಿ ಓದಿದಳು:

"'ಶ್ರೀಯುತರು ನಲವತ್ತು ವರ್ಷಗಳ ಕಾಲ ಈ ಭಾಗದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಶ್ರಮಿಸಿರುತ್ತಾರೆ.' ಸರಿ. ಶ್ರಮಿಸಿದ್ದೀರಿ. 'ಘಟನೆಯಲ್ಲಿ ಭಾಗಿಯಾದ ಇನ್ನೊಂದು ವಾಹನವು ಬಳಕೆಯಿಂದ ಮರೆಯಾದ, ರಸ್ತೆಗೆ ಯೋಗ್ಯವಲ್ಲದ ಹಳೆಯ ಗಾಡಿಯಾಗಿದ್ದು, ಸುಲಭವಾಗಿ ಕಣ್ಣಿಗೆ ಬೀಳುವಂತಿರಲಿಲ್ಲ.'"

ಅಲ್ಲಿಗೆ ಓದು ನಿಲ್ಲಿಸಿದಳು.

"ಇದು ಬರೀ ಬರವಣಿಗೆಯ ಶೈಲಿ ಅಕ್ಕ," ಎಂದ ಶಿಯೊಜಾವಾ. "ಇಂಥ ಕಾಗದದಲ್ಲಿ ಹಾಗೆ ಬರೀತಾರೆ."

"ಶೈಲಿ! ಆ ಗಾಡಿ ತಪಾಸಣೆ ಪಾಸಾಗಿ ನಲವತ್ತು ನಿಮಿಷ ಆಗಿತ್ತು ಕಣೋ. ಗಾಜಿನ ಮೇಲಿನ ಚೀಟಿ ಇನ್ನೂ ಒಣಗಿರಲಿಲ್ಲ. ಆ ದಿನ ಈ ಕಣಿವೆಯಲ್ಲಿ ಅದಕ್ಕಿಂತ ಸರಿಯಾದ ಬ್ರೇಕು ಇದ್ದ ಗಾಡಿ ಇನ್ನೊಂದಿದ್ರೆ ತೋರಿಸು. ಹಸಿರು ಬಣ್ಣ, ಹಗಲು ಹನ್ನೊಂದು ಗಂಟೆ, ಅದರ ಸದ್ದು ಆಚೆ ಗುಡ್ಡಕ್ಕೆ ಕೇಳುತ್ತೆ. ಕಣ್ಣಿಗೆ ಬೀಳ್ತಿರಲಿಲ್ವಂತೆ!" ಉಸಿರು ತೆಗೆದುಕೊಂಡಳು. "ಆಮೇಲೆ ಇದು. ಕೆಳಗೆ ಬೇರೆ ಪೆನ್ನಲ್ಲಿ ಬರೆದಿದೆ. 'ಗಾಯಗೊಂಡವರ ಮನೆಯವರೂ ಮೇಲಿನ ವಿಷಯವನ್ನು ಮನಃಪೂರ್ವಕವಾಗಿ ಒಪ್ಪಿರುತ್ತಾರೆ.' ಇದು ಯಾರ ಶೈಲಿ?"

ಶಿಯೊಜಾವಾ ಕೌದಿಯ ಅಂಚನ್ನು ಮಡಚತೊಡಗಿದ. "ನಿಮ್ಮ ಮನೆ ಮೊಹರು ಕಂಡಿತಲ್ಲ... ಮೇಷ್ಟ್ರು, ಸೇರಿಸಿದ್ರೆ ಚೆನ್ನಾಗಿರುತ್ತೆ ಅಂದ್ರು. ನಾನು ಈಗ ಬರೆದೆ."

"ನನ್ನ ಮನೆಗೆ ಇದನ್ನ ಕಳಿಸೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತೋ?"

"ಬಿಟ್ಟು ಕಳಿಸೋದು ಹೇಗಕ್ಕ?" ಅವನು ನಿಜಕ್ಕೂ ನೊಂದುಕೊಂಡ. "ಒಂದು ಮನೆ ಬಿಟ್ಟು ರಟ್ಟು ದಾಟಿಸಿದ್ರೆ ಬಹಿಷ್ಕಾರ ಹಾಕಿದ ಹಾಗೆ ಅಲ್ವಾ? ಆಸ್ಪತ್ರೆಯಿಂದ ಬಂದವರಿಗೆ ಹಾಗೆ ಮಾಡೋಕಾಗುತ್ತಾ? ನನ್ನ ಹೆಂಡತೀನೂ ಅದೇ ಅಂದ್ಲು. ನೀವು ಬೇಡ ಅಂದಿದ್ರೆ ಖಾಲಿ ಬಿಡ್ತಿದ್ರಿ ಅಂದ್ಕೊಂಡೆ."

ಮರ್ಯಾದೆಗಾಗಿ ಅವಳ ಮನೆಗೂ ಕಳಿಸಿದ್ದರು. ಮರ್ಯಾದೆಗಾಗಿ ಅವಳ ಗಂಡ ಹೊಡೆದು ದಾಟಿಸಿದ್ದ. ಮಿಸಾವೊ ಮೇಜಿನ ಮೇಲೆ ಹಾಳೆ ಹಾಸಿ, ಅಲ್ಲಿದ್ದ ಪೆನ್ನು ತೆಗೆದುಕೊಂಡಳು. ಚಹಾ ತಟ್ಟೆಯ ಪಕ್ಕದಲ್ಲಿದ್ದ ಪೋಸ್ಟಿನ ಲಕೋಟೆಯನ್ನೇ ಅಳತೆಪಟ್ಟಿ ಮಾಡಿಕೊಂಡು 'ಕರಾಸವಾ' ಎಂಬ ಕೆಂಪು ಗುರುತಿನ ಮೇಲೆ ಎರಡು ಗೆರೆ ನೇರವಾಗಿ ಎಳೆದಳು. ಗೆರೆಯ ಮೇಲೆ, ಹೊಡೆದುಹಾಕಿದವರು ಯಾರೆಂದು ತಿಳಿಯಲು ಕಾನೂನು ಹೇಗೆ ಹೇಳುತ್ತದೋ ಹಾಗೆ, ಅದೇ ಮೊಹರನ್ನು ಮತ್ತೆ ಒತ್ತಿದಳು. ಆಮೇಲೆ ಕೊನೆಯ ಸಾಲಿನ ಮೇಲೆ ಎರಡು ಗೆರೆ, ಮೊಹರು. ಆಮೇಲೆ 'ರಸ್ತೆಗೆ ಯೋಗ್ಯವಲ್ಲದ' ಎಂಬುದರ ಮೇಲೆ.

"ಅಕ್ಕ, ಅದು ನೀವು ಬರೆದದ್ದಲ್ಲ, ಅದನ್ನ ನೀವು ಹೊಡೆದುಹಾಕೋ ಹಾಗಿಲ್ಲ! ಇಡೀ ಹಾಳೆ ಕೆಟ್ಟುಹೋಯ್ತು. ಹದಿಮೂರು ಮನೆ ಮತ್ತೆ ಸುತ್ತಬೇಕು ನಾನು!"

"ಗಾಡಿ ನಾನು ಮಾಡಿದ್ದು. ಅದರ ಬಗ್ಗೆ ಬರೆದದ್ದನ್ನ ನಾನೇ ಹೊಡೀತೀನಿ." ಮೂರನೆಯ ಮೊಹರನ್ನು ಮೇಜು ಕುಟ್ಟುವಷ್ಟು ಜೋರಾಗಿ ಒತ್ತಿದಳು. ಚಹಾ ಬಟ್ಟಲು ಅಲುಗಾಡಿತು.

ಮೇಷ್ಟ್ರು ಇಷ್ಟು ಹೊತ್ತೂ ಕದಲಿರಲಿಲ್ಲ. ಈಗ ನಿಧಾನವಾಗಿ ಹೇಳಿದರು: "ಸಿಟ್ಟು ಇಳಿಯಿತಾ? ಈಗ ಕೇಳು. ಕಿನುಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಇಪ್ಪತ್ತೆರಡು ಕಿಲೋಮೀಟರು. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ನನ್ನ ಲೈಸೆನ್ಸ್ ಹೋದ್ರೆ ಅವಳ ಗತಿ ಏನು? ಅದನ್ನ ಯೋಚಿಸಿದ್ದೀಯಾ ನೀನು?"

ಮೇಷ್ಟ್ರ ಹೆಂಡತಿಯ ಕಾಯಿಲೆ ಮಿಸಾವೊಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮತ್ತೊಮ್ಮೆ ಹಾಳೆಯನ್ನು ಮೇಲಿಂದ ಕೆಳಕ್ಕೆ ನೋಡಿದಳು. ಹಿಂದೆ ತಿರುಗಿಸಿಯೂ ನೋಡಿದಳು.

"ಎಲ್ಲಿ ಬರೆದಿದ್ದೀರಿ ಅದನ್ನ?"

"ಏನು?"

"ಕಿನು ಅಮ್ಮನ ವಿಷಯ. ಒಂದು ಸಾಲೂ ಇಲ್ಲ. ನಲವತ್ತು ವರ್ಷ ವಿದ್ಯೆ ಕೊಟ್ಟಿದ್ದು ಇದೆ, ನನ್ನ ಗಾಡಿ ಗುಜರಿ ಅಂತ ಇದೆ. ನಿಜವಾದ ಒಂದೇ ಒಂದು ಕಾರಣ ಇಲ್ಲ."

ಮೇಷ್ಟ್ರು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡರು. "ಮನೆ ಕಷ್ಟ ಊರ ಮುಂದೆ ಇಟ್ಟು ಕೈಚಾಚೋದು ನನಗೆ ಬರೋದಿಲ್ಲ."

"ಕೈಚಾಚೋಕೆ ನಾಚಿಕೆ. ಸುಳ್ಳು ಬರೆಸಿ ಹದಿನಾಲ್ಕು ಮನೆ ಸುತ್ತಿಸೋಕೆ ನಾಚಿಕೆ ಇಲ್ಲ! ಈ ಕೇರೀಲಿ ಎಷ್ಟು ಕಾರಿದೆ ಶಿಯೊಜಾವಾ? ಎಲ್ಲಾ ನನ್ನ ಕೈಯಲ್ಲೇ ರಿಪೇರಿ ಆಗೋದು, ನಾನೇ ಹೇಳ್ತೀನಿ, ಇಪ್ಪತ್ತಮೂರು. ಇಪ್ಪತ್ತಮೂರು ಕಾರು! ಸೋಮವಾರ ಒಬ್ಬರು, ಬುಧವಾರ ಒಬ್ಬರು, ಶುಕ್ರವಾರ ಒಬ್ಬರು ಕರ್ಕೊಂಡು ಹೋಗ್ತೀರಾ ಅಂತ ಒಂದು ಕಾಗದ ಸುತ್ತಿಸಿದ್ರೆ ಯಾರು ಇಲ್ಲ ಅಂತಿದ್ರು? ಜೂನ್ ಒಂಬತ್ತಕ್ಕೆ ಮುಂಚೆ ಸುತ್ತಿಸಿದ್ರೆ ನನ್ನ ಕಾಲು ಸರಿಯಾಗಿರ್ತಿತ್ತು."

"ಯಾರು ಒಪ್ಪಿರ್ತಿದ್ರು ಅಂತ ಅಷ್ಟು ಸುಲಭವಾಗಿ..." ಶಿಯೊಜಾವಾ ಶುರು ಮಾಡಿದ.

"ಒಪ್ಪೋದು ಯಾಕೆ? ಓದಲ್ವಲ್ಲ. ಮೊಹರು ಹೊಡೀತಾರೆ. ಆಮೇಲೆ ಹೊಡೆದಿದ್ದೀವಲ್ಲಾ ಅಂತ ಕರ್ಕೊಂಡು ಹೋಗ್ತಾರೆ."

ಶಿಯೊಜಾವಾಗೆ ನಗು ಬಂತು. ಮೇಷ್ಟ್ರ ಮುಖ ನೋಡಿ ಅದನ್ನು ಕೆಮ್ಮಾಗಿ ಮಾಡಿಕೊಂಡ.

ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು. ಮೇಷ್ಟ್ರು ಕೌದಿ ಸರಿಸಿ, ಮೇಜಿಗೆ ಎರಡು ಕೈ ಊರಿ, ಎರಡು ಸಲ ಪ್ರಯತ್ನಿಸಿ ಎದ್ದರು. ಎದ್ದು ನಿಂತಾಗ ಅವರ ಮೊಣಕಾಲು ಕೂಡ ಮಿಸಾವೊಳ ಕಾಲಿನ ಹಾಗೇ ಒಂದು ಕ್ಷಣ ತಡೆದು ನೆಟ್ಟಗಾಯಿತು. "ಇವತ್ತು ಶುಕ್ರವಾರ. ಒಂದು ಗಂಟೆಗೆ ಅವಳು ಅಲ್ಲಿರಬೇಕು," ಎಂದು ಕೋಟಿನ ಜೇಬಿನಿಂದ ಕೀಲಿ ತೆಗೆದರು.

ಶಿಯೊಜಾವಾ ನೆಲ ನೋಡಿದ. ಕೇರಿಯಲ್ಲಿ ಎಲ್ಲರೂ ಐದು ತಿಂಗಳಿಂದ ಮಾಡುತ್ತಿದ್ದುದು ಅದನ್ನೇ. ಹೆಡ್ ಮೇಷ್ಟ್ರು ಕಾರಿನ ಕೀಲಿ ತೆಗೆದಾಗೆಲ್ಲ ಕೇರಿಯ ಜನ ನೆಲ ನೋಡುತ್ತಿದ್ದರು, ಆಮೇಲೆ ತಂತಮ್ಮ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

"ನೀನು ಬಿಟ್ಟು ಬಾರೋ," ಎಂದಳು ಮಿಸಾವೊ.

"ನಾನು ಮೇಷ್ಟ್ರ ಜೊತೆ ಆಗ್ಲೇ ಒಂದು ಬಟ್ಟಲು ಅಕ್ಕಿ ಹೆಂಡ ಹಾಕ್ಬಿಟ್ಟೆ ಅಕ್ಕ. ಮೇಷ್ಟ್ರು ಮುಟ್ಟಲಿಲ್ಲ, ನಾನೇ. ವಾಸನೆ ಬಂದ್ರೂ ಪೊಲೀಸ್ನೋರು ಬಿಡಲ್ಲ. ಹೆಂಡತಿ ತೋಟದ ಗಾಡಿ ತಗೊಂಡು ಹೋಗಿದ್ದಾಳೆ."

ಮೇಷ್ಟ್ರು ಆಗಲೇ ಬಾಗಿಲ ಬಳಿ ಕೂತು ಬೂಟು ಹಾಕಿಕೊಳ್ಳುತ್ತಿದ್ದರು. ಬಲಗಾಲಿನ ಬೂಟಿನೊಳಗೆ ಪಾದ ಸಿಗದೆ ಮೂರು ಸಲ ತಡಕಿದರು. ಅದೇ ಪಾದ. ಮಿಸಾವೊ ಅದನ್ನೇ ನೋಡುತ್ತ ನಿಂತಳು. ಆಮೇಲೆ ಅಂಗೈ ಚಾಚಿದಳು.

"ಕೊಡಿ."

"ಏನು?"

"ಕೀಲಿ."

"ನಿನ್ನ ಕಾಲು..."

"ನಿಮ್ಮ ಕಾರಿಗೆ ಬೇಕಾಗಿರೋದು ಬಲಗಾಲು ಒಂದೇ. ನನ್ನದು ಸರಿಯಾಗಿದೆ. ಯಾವುದು ಬ್ರೇಕು ಅಂತ ಅದಕ್ಕೆ ಗೊತ್ತು. ಕೊಡಿ ಮೇಷ್ಟ್ರೇ."

ಅವರು ಕೊಡಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಶಿಯೊಜಾವಾ ಇಬ್ಬರ ಹಿಂದೆ, ತನ್ನ ಮನೆಯ ಬಾಗಿಲಲ್ಲೇ ಪರಕೀಯನ ಹಾಗೆ ನಿಂತಿದ್ದ. ಕೊನೆಗೆ ಮೇಷ್ಟ್ರು ಕೀಲಿಯನ್ನು ಅವಳ ಕೈಯಲ್ಲಿಡದೆ ಬಾಗಿಲ ಹಲಗೆಯ ಮೇಲೆ ಇಟ್ಟರು. ಮಿಸಾವೊ ಬಗ್ಗಿ ತೆಗೆದುಕೊಂಡಳು.

ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಬಾಗಿಲಿನ ಸದ್ದು ಲಾರಿಯದಕ್ಕಿಂತ ಬೇರೆ, ವಾಸನೆ ಬೇರೆ. ಆದರೂ ಬೆನ್ನಿನ ಮೇಲೆ ಬೆವರು ಇಳಿಯಿತು. ಸೀಟು ಹಿಂದಕ್ಕೆ ಸರಿಸಿದಳು. ಕನ್ನಡಿಗಳನ್ನು ಒಂದೊಂದಾಗಿ ಸರಿಮಾಡಿಕೊಂಡಳು. ಮೂರೂ ತಪ್ಪಾಗಿದ್ದವು, ಒಂದು ಆಕಾಶ ತೋರಿಸುತ್ತಿತ್ತು. ಅದನ್ನು ಕಂಡು ಮತ್ತೆ ಸಿಟ್ಟು ಬಂತು, ಸಿಟ್ಟು ಬಂದದ್ದರಿಂದ 'ಸ್ಟಾರ್ಟ್' ಗುಂಡಿ ಒತ್ತಲು ಆಯಿತು.

"ಈ ಕನ್ನಡಿ ಇಟ್ಕೊಂಡು ಓಡಿಸ್ತಿದ್ರಾ ನೀವು?"

ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಜೊತೆಗೆ ಎತ್ತಿಕೊಂಡು ಬಂದ ರಟ್ಟನ್ನು ತೊಡೆಯ ಮೇಲೆ ಸರಿಮಾಡಿಟ್ಟುಕೊಂಡರು. ಪಾತಿಯ ಮೇಲಿಂದ ಚಕ್ರ ಇಳಿಯಿತು. ಇಳಿಜಾರಿನಲ್ಲಿ ಅವಳು ನಡಿಗೆಯ ವೇಗಕ್ಕಿಂತ ಸ್ವಲ್ಪ ಜಾಸ್ತಿ ಹೋದಳು. ಅಂಗಳದಲ್ಲಿ ಸೊಪ್ಪು ತೊಳೆಯುತ್ತಿದ್ದ ಹೆಂಗಸರು ಕೈ ಎತ್ತಿದರು, ಒಳಗೆ ಯಾರು ಯಾವ ಕಡೆ ಕೂತಿದ್ದಾರೆಂದು ನೋಡಿ ಎತ್ತಿದ ಕೈ ಎತ್ತಿದಲ್ಲೇ ನಿಲ್ಲಿಸಿದರು. ತನ್ನ ಮನೆಯ ಮುಂದೆ ದಾರಿಯ ಬದಿಯಲ್ಲಿ ತೆತ್ಸುಜಿ ಚಾಕು ಹಿಡಿದುಕೊಂಡೇ ನಿಂತಿದ್ದ. ಮಿಸಾವೊ ಅವನನ್ನು ನೋಡಲಿಲ್ಲ. ರಸ್ತೆಯಿಂದ ಕಣ್ಣು ತೆಗೆಯುವ ಧೈರ್ಯವಿರಲಿಲ್ಲ.

"ನಾನು ಕ್ಷಮಿಸಿಲ್ಲ, ತಿಳೀತಾ?" ಎಂದಳು, ರಸ್ತೆಗೆ ಹೇಳುವ ಹಾಗೆ.

"ತಿಳೀತು," ಎಂದರು ಮೇಷ್ಟ್ರು.

"ಪೊಲೀಸರು ಕರೆದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

"ಹೇಳು."

"ಪೇರು ಗಿಡ ಹೂ ಬಿಡೋ ಹೊತ್ತಿಗೆ ಆ ಗಾಡಿ ಮತ್ತೆ ರಸ್ತೆ ಮೇಲಿರುತ್ತೆ. ಕಣ್ಣಿಗೆ ಬೀಳುತ್ತಾ ಇಲ್ವಾ, ಆಗ ನೋಡೋಣ."



ಮೇಷ್ಟ್ರ ಮನೆ ಗುಡ್ಡದ ಬುಡದಲ್ಲಿ. ಮೆಟ್ಟಿಲ ಮೇಲೆ ಕಿನು ಕೂತಿದ್ದಳು, ಕೋಟು ಹಾಕಿಕೊಂಡು, ಪಕ್ಕದಲ್ಲಿ ಬಟ್ಟೆಯ ಚೀಲ, ಮಡಿಸಿದ ಕಂಬಳಿ. ಎಷ್ಟೋ ಹೊತ್ತಿನಿಂದ ಹಾಗೇ ಕೂತಿದ್ದವಳ ಹಾಗೆ ಕಾಣುತ್ತಿದ್ದಳು. ಕಾರು ಬಂದು ಮೆಲ್ಲಗೆ, ಗೋಡೆಗೆ ಸಮನಾಗಿ ನಿಂತದ್ದನ್ನು ಮೊದಲು ನೋಡಿದಳು. ಆಮೇಲೆ ಮಿಸಾವೊಳನ್ನು ನೋಡಿದಳು, ಆಮೇಲೆ ಗಂಡನನ್ನು. ಚೀಲ ಹಿಡಿದು ಎದ್ದು, ಪ್ರತಿ ಸಲ ಕೂರುವ ಮುಂದಿನ ಸೀಟಿನ ಬಾಗಿಲ ಬಳಿ ಬಂದು ನಿಂತಳು.

ಮೇಷ್ಟ್ರು ಇಳಿದರು. ಹೆಂಡತಿಗೆ ಜಾಗ ಬಿಟ್ಟುಕೊಟ್ಟು ಕಾರಿನ ಪಕ್ಕ ಒಂದು ಕ್ಷಣ ನಿಂತು, ಹಿಂದಿನ ಬಾಗಿಲು ತಾವೇ ತೆಗೆದುಕೊಂಡು, ಮೊಣಕಾಲು ಮಡಚಿ ಒಳಗೆ ಕೂತರು. ಕಿನು ಕಂಬಳಿಯನ್ನು ತೊಡೆಯ ಮೇಲೆ ಹರಡಿಕೊಂಡು ಬೆಲ್ಟು ಎಳೆದು ಸಿಕ್ಕಿಸಿ, "ಹೋಗೋಣ್ವಾ ಮಗಳೇ," ಎಂದಳು.

ಹೊಸ ಕಾರು ಕಿಣಿ ಕಿಣಿ ಎನ್ನತೊಡಗಿತು. ಮುಂದಿನ ಗಾಜಿನ ಕೆಳಗೆ ಒಂದು ಸಣ್ಣ ಕೆಂಪು ದೀಪ, ಹಿಂದಿನ ಸೀಟಿನ ಚಿತ್ರ. ಮಿಸಾವೊ ಕನ್ನಡಿಯಲ್ಲಿ ನೋಡಿದಳು. ಮೇಷ್ಟ್ರು ಬೆಲ್ಟಿನ ನಾಲಗೆ ಹಿಡಿದು ಅದರ ಬಾಯಿ ಎಲ್ಲಿದೆಯೆಂದು ಸೀಟಿನ ಸಂದಿಯಲ್ಲಿ ತಡಕುತ್ತಿದ್ದರು. ಆ ಸೀಟಿನಲ್ಲಿ ಅವರು ಹಿಂದೆಂದೂ ಕೂತವರಲ್ಲ. ಕಾರು ಕಿಣಿ ಕಿಣಿ ಎನ್ನುತ್ತಲೇ ಇತ್ತು. ಮಿಸಾವೊ ಬ್ರೇಕಿನ ಮೇಲೆ ಬಲಗಾಲಿಟ್ಟು, ಎರಡು ಕೈ ಸ್ಟೀರಿಂಗಿನ ಮೇಲಿಟ್ಟು, ಹಿಂದುಗಡೆಯಿಂದ ಬೆಲ್ಟು ಕಚ್ಚಿಕೊಳ್ಳುವ ಸದ್ದು ಬರುವ ತನಕ ಕಾದಳು.